ಕಂಪನಿ ವ್ಯಾನು ಮತ್ತು ರಂಗಮ್ಮನ ಎಮ್ಮೆ

ನನ್ನ ಕೈಗಳಿಗೆ ಒಂದು ಕೆಟ್ಟ ಚಟ ಅಂಟಿಕೊಂಡಿದೆ. ಯಾರಾದರೂ ಜೋರಾಗಿ "ರೆಡಿನಾ?" ಅಂದರೆ ಸಾಕು, ಅವು ನನ್ನನ್ನು ಒಂದು ಮಾತೂ ಕೇಳದೆ ಪಟ್ ಪಟ್ ಪಟ್ ಅಂತ ಮೂರು ಸಲ ಚಪ್ಪಾಳೆ ತಟ್ಟಿಬಿಡುತ್ತವೆ. ಮನೆಯೊಳಗಾದರೆ ಪರವಾಗಿಲ್ಲ. ನಮ್ಮ ಯಜಮಾನರು "ಕಾಫಿ ರೆಡಿನಾ?" ಅಂತ ಕೇಳಿ ಚಪ್ಪಾಳೆ ತಟ್ಟಿಸಿಕೊಂಡು ಒಳಗೊಳಗೇ ಖುಷಿ ಪಡುತ್ತಾರೆ. ಮದುವೆಯಾದಾಗಿನಿಂದ ಅವರಿಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ, ಪಾಪ.

ಮಾನ ಹೋಗಿದ್ದು ಹೊರಗೆ. ಹೋದ ತಿಂಗಳು ಕೊರಟಗೆರೆಯಲ್ಲಿ ನಮ್ಮ ಯಜಮಾನರ ದೊಡ್ಡಪ್ಪನ ತಿಥಿ. ಪಂಕ್ತಿಯಲ್ಲಿ ಎಲ್ಲರೂ ಮುಖ ಸಪ್ಪಗೆ ಮಾಡಿಕೊಂಡು, ಒಳಗೊಳಗೆ ವಡೆ ಯಾವಾಗ ಬರುತ್ತದೋ ಅಂತ ಕಾಯುತ್ತಾ ಕೂತಿದ್ದೆವು. ಬಡಿಸುವವನು ಸಾರಿನ ಬಕೆಟ್ಟು ಹಿಡಿದು ಪಂಕ್ತಿಯ ಆ ತುದಿಯಿಂದ "ಎಲ್ಲಾ ರೆಡಿನಾ?" ಅಂತ ಕೂಗಿದ. ನನ್ನ ಕೈ ಕೇಳಬೇಕಲ್ಲ! ಪಟ್ ಪಟ್ ಪಟ್. ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದ ದೊಡ್ಡಮ್ಮ ತಲೆಯೆತ್ತಿ ನನ್ನನ್ನೇ ನೋಡಿದರು. ಬೆನ್ನ ಹಿಂದೆ ಯಾರೋ, "ಮುದ್ಕಪ್ಪ ಸತ್ತಿದ್ದು ಇವ್ಳಿಗೆ ಇಷ್ಟೊಂದು ಖುಸಿನೇನಮ್ಮ" ಅಂದರು. ಆಮೇಲೆ ವಡೆ ಬಂತು, ಆದರೆ ಎರಡನೆಯದು ಕೇಳಲು ನನಗೆ ಮುಖವಿರಲಿಲ್ಲ.

ಹುಚ್ಚು ಹಿಡಿದಿದೆ ಅಂತ ತಿಳಿಯಬೇಡಿ. ಇದಕ್ಕೆ ಮೋಟಿವೇಶನ್ ಅಂತ ಹೆಸರು. ನಮ್ಮ ಕಂಪನಿ ಖರ್ಚು ಮಾಡಿ ಹಿಡಿಸಿದ್ದು.

ನಾನು ಮಧುಗಿರಿಯಿಂದಾಚೆ ಹಿಂದೂಪುರದ ರಸ್ತೆಯಲ್ಲಿರುವ ಒಂದು ಗಾರ್ಮೆಂಟ್ಸಿನಲ್ಲಿ ಲೈನ್ ಸೂಪರ್‌ವೈಸರು. ಶರ್ಟು ಹೊಲಿಯುವ ಜಾಗ. ಒಬ್ಬಳು ಕಾಲರ್ ಹೊಲಿದರೆ ಮುಂದಿನವಳು ತೋಳು, ಅದರಾಚೆಯವಳು ಗುಂಡಿ. ಹೀಗೆ ಶರ್ಟು ಕೈಯಿಂದ ಕೈಗೆ ದಾಟುತ್ತಾ ಹೋಗುತ್ತದೆ. ನನ್ನ ಕೆಲಸ ಏನೆಂದರೆ ಮೇಲಿನವರಿಂದ ಬಂದ ಬೈಗುಳವನ್ನು ಕೆಳಗಿನವರಿಗೆ ಯಾರಿಗೂ ಕಮ್ಮಿಯಾಗದಂತೆ ಹಂಚುವುದು. ಅದನ್ನು ನಾನು ಚೆನ್ನಾಗಿ ಮಾಡುತ್ತೇನೆ ಅಂತ ಒಮ್ಮೆ ನನಗೊಂದು ಪಿಂಗಾಣಿ ಲೋಟ ಬಹುಮಾನವಾಗಿ ಬಂದಿತ್ತು. ಅದರ ಮೇಲೆ ಇಂಗ್ಲಿಷಿನಲ್ಲಿ ನಾನು ಎಷ್ಟು ದೊಡ್ಡವಳು ಅಂತ ಬರೆದಿದೆ. ಬಿಸಿ ಕಾಫಿ ಹಾಕಿದರೆ ತಳದಿಂದ ತೊಟ್ಟಿಕ್ಕುತ್ತದೆ, ಹಾಗಾಗಿ ಬಚ್ಚಲಲ್ಲಿ ಹಲ್ಲುಜ್ಜುವ ಬ್ರಷ್ಷುಗಳಿಗೆ ಕೊಟ್ಟಿದ್ದೇನೆ.

ನಮ್ಮಲ್ಲಿಗೆ ಹೊಸ ಮ್ಯಾನೇಜರ್ ಸಾಹೇಬರು ಬಂದ ಮೇಲೆ ಈ ಮೋಟಿವೇಶನ್ ಶುರುವಾಯಿತು. ಒಳ್ಳೆಯ ಮನುಷ್ಯ, ದನಿಯೇರಿಸಿ ಮಾತಾಡುವವರಲ್ಲ. ಆದರೆ ಅವರಿಗೆ ಒಂದು ಕೊರಗು: "ಈ ಜನ ಕೆಲಸ ಮಾಡ್ತಾರೆ ಸರೋಜಮ್ಮ, ಆದರೆ ಮನಸ್ಸಿಟ್ಟು ಮಾಡಲ್ಲ." ಕೈಗೆ ಸಂಬಳ ಕೊಟ್ಟು ಮನಸ್ಸನ್ನೂ ಕೇಳುವ ಆಸೆ. ಕಾಸಿಗೆ ತಕ್ಕ ಕಜ್ಜಾಯ ಅನ್ನುವ ಮಾತು ಅವರ ಊರಿನ ಕಡೆ ಇಲ್ಲವೇನೋ.

ಹಾಗಾಗಿ ಪಟ್ಟಣದಿಂದ ಒಬ್ಬ ತರಬೇತಿಯವನನ್ನು ಕರೆಸಿದರು. ಮಧ್ಯಾಹ್ನ ಮುದ್ದೆ ಉಂಡ ಮೇಲೆ ಕ್ಯಾಂಟೀನಿನಲ್ಲೇ ಎಲ್ಲರನ್ನೂ ಕೂರಿಸಿದರು. ಆತ ಕೆನ್ನೆಯ ಮೇಲೆ ಮೈಕು ಅಂಟಿಸಿಕೊಂಡು ಅತ್ತಿಂದಿತ್ತ ಓಡಾಡುತ್ತಾ, "ರೆಡಿನಾ?" ಅಂದರೆ ನಾವು ಮೂರು ಚಪ್ಪಾಳೆ ತಟ್ಟಬೇಕು ಅಂತ ಕಲಿಸಿದ. ಆಮೇಲೆ "ನಾನು ಸಾಮಾನ್ಯಳಲ್ಲ!" ಅಂತ ಕೂಗಿಸಿದ. ಇದನ್ನು ನಮ್ಮ ಹೆಂಗಸರು ಬಹಳ ಜೋರಾಗಿ ಕೂಗಿದರು, ಯಾಕೆಂದರೆ ಅತ್ತೆಯಂದಿರು ಅವರ ಬಗ್ಗೆ ದಿನಾ ಹೇಳುವ ಮಾತೇ ಅದು. ಕೊನೆಗೆ ಕಣ್ಣು ಮುಚ್ಚಿಕೊಂಡು ನಿಮ್ಮ ಗುರಿಯನ್ನು ಕಾಣಿರಿ ಅಂದ. ಎಲ್ಲರೂ ಮುಚ್ಚಿದರು. ಅರ್ಧಕ್ಕರ್ಧ ಜನ ತೆರೆಯಲೇ ಇಲ್ಲ. ನನ್ನ ಪಕ್ಕದಲ್ಲಿ ಕೂತಿದ್ದ ರಂಗಮ್ಮ ಸಣ್ಣಗೆ ಗೊರಕೆ ಹೊಡೆಯತೊಡಗಿದಾಗ ನಾನು ಮೊಣಕೈಯಲ್ಲಿ ತಿವಿದೆ.

ಈ ರಂಗಮ್ಮ ನಮ್ಮ ಲೈನಿನಲ್ಲಿ ಕಾಲರ್ ಹೊಲಿಯುವವಳು, ಕೊಡಿಗೇನಹಳ್ಳಿಯ ಹತ್ತಿರದ ಹಳ್ಳಿಯವಳು. ಸಣ್ಣ ಆಳು, ದೊಡ್ಡ ಬಾಯಿ. ತಿವಿದದ್ದಕ್ಕೆ ದಡಬಡನೆ ಎದ್ದಳು. ತರಬೇತಿಯವನು ಅವಳು ಮಾತಾಡಲು ಎದ್ದಳು ಅಂತ ತಿಳಿದು ಹತ್ತಿರ ಬಂದು, "ಹೇಳಿ ಅಮ್ಮ, ಬೆಳಿಗ್ಗೆ ಹಾಸಿಗೆ ಬಿಟ್ಟು ಎದ್ದು ಕೆಲಸಕ್ಕೆ ಬರೋ ಹಾಗೆ ನಿಮ್ಮನ್ನ ಮಾಡೋ ಶಕ್ತಿ ಯಾವುದು?" ಅಂತ ಕೇಳಿದ.

"ಬಸ್ಸು ಸಾ," ಅಂದಳು ರಂಗಮ್ಮ.

"ಅಂದರೆ?"

"ಬಸ್ ಬಂದ್ಬುಡ್ತೈತಲ್ಲ ಸಾ. ಅದುಕ್ಕೇ ಏಳ್ತೀವಿ. ಸಾಯಂಕಾಲ್ವೂ ಅಂಗೆಯಾ. ಬಸ್ ಬಂದ್ಬುಡ್ತೈತೆ ಅಂತ ಕೆಲ್ಸ ಮುಗುಸ್ತೀವಿ."

ಎಲ್ಲರೂ ನಕ್ಕರು. ತರಬೇತಿಯವನೂ ನಕ್ಕ. ನಗದವರು ಒಬ್ಬರೇ, ಹಿಂದೆ ಕೈ ಕಟ್ಟಿ ನಿಂತಿದ್ದ ನಮ್ಮ ಸಾಹೇಬರು. ಅವರು ಏನನ್ನೋ ಗಂಭೀರವಾಗಿ ಯೋಚನೆ ಮಾಡುತ್ತಿದ್ದರು. ದೊಡ್ಡವರು ಗಂಭೀರವಾಗಿ ಯೋಚನೆ ಮಾಡುವುದು ನೋಡಿದರೆ ನಾನು ಮನಸ್ಸಿನಲ್ಲೇ ಮನೆದೇವರಿಗೆ ಕೈ ಮುಗಿಯುತ್ತೇನೆ.

ಆಮೇಲೆ ಮೆಷಿನ್ನುಗಳಿಗೆ ಬಂಗಾರದ ಬಣ್ಣದ ಸ್ಟಾರು ಅಂಟಿಸುವ ಪದ್ಧತಿ ಬಂತು. ಚೆನ್ನಾಗಿ ಹೊಲಿದವಳಿಗೆ ಒಂದು ಸ್ಟಾರು. ಒಂದೇ ವಾರಕ್ಕೆ ಸ್ಟಾರುಗಳೆಲ್ಲ ಮಾಯ. ನೋಡಿದರೆ ಹುಡುಗಿಯರ ಹಣೆಯ ಮೇಲಿದ್ದವು. "ಬೊಟ್ಟು ಚೆನ್ನಾಗೈತೆ ಸರೋಜಕ್ಕ, ಇನ್ನೊಂದ್ ಹಾಳೆ ತರ್ಸಿ" ಅಂದರು.

ಈ ಸ್ಟಾರು, ಲೋಟ, ಚಪ್ಪಾಳೆ ಎಲ್ಲ ನೋಡುವಾಗ ನನಗೆ ಬರಗೂರಿನ ಕಡೆಯ ನಮ್ಮಜ್ಜಿಯ ಕೊಟ್ಟಿಗೆ ನೆನಪಾಗುತ್ತದೆ. ನಾನಾಗ ಲಂಗ ಹಾಕುವ ವಯಸ್ಸು. ರಜಕ್ಕೆ ಅಜ್ಜಿಯ ಮನೆಗೆ ಹೋಗಿದ್ದಾಗ ಹಸುವಿನ ಕರು ಸತ್ತುಹೋಯಿತು. ಹಸು ಹಾಲು ಕೊಡಲೊಲ್ಲದು. ಕಾಲು ಝಾಡಿಸಿ ಚೊಂಬನ್ನು ಗೋಡೆಗೆ ಒದ್ದುಬಿಟ್ಟಿತು. ಅಜ್ಜಿ ಏನು ಮಾಡಿದಳು ಗೊತ್ತೇ? ಕರುವಿನ ತೊಗಲನ್ನು ಬಿಡಿಸಿ ಒಣಗಿಸಿ, ಒಳಗೆ ರಾಗಿ ಹುಲ್ಲು ತುಂಬಿಸಿ, ಹೊಲಿಸಿ ತಂದು ಹಸುವಿನ ಮುಂದೆ ನಿಲ್ಲಿಸಿದಳು. ಹಸು ಮೂಸಿತು, ನೆಕ್ಕಿತು, ಕೆಚ್ಚಲಿಗೆ ಹಾಲಿಳಿಸಿ ಸೊರೆ ಬಿಟ್ಟಿತು. ಅಜ್ಜಿ ಚೊರಚೊರ ಅಂತ ಕರೆದುಕೊಂಡಳು. ನೆಕ್ಕಿ ನೆಕ್ಕಿ ಆ ಕರುವಿನ ಕತ್ತಿನ ಹತ್ತಿರ ತೊಗಲು ಸವೆದು ಹುಲ್ಲು ಹೊರಗೆ ಇಣುಕುತ್ತಿತ್ತು.

"ಅದುಕ್ಕೆ ಗೊತ್ತಾಗಲ್ವೇನಜ್ಜಿ, ಹುಲ್ಲು ಅಂತ?" ಅಂತ ಕೇಳಿದ್ದೆ.

"ಗೊತ್ತಾಗ್ದೆ ಏನು ಕಣಮ್ಮ. ಆದ್ರೆ ಕೆಚ್ಚಲು ಬಿಗಿತೈತಲ್ಲ, ಏನ್ ಮಾಡ್ತೈತೆ?" ಅಂದಿದ್ದಳು ಅಜ್ಜಿ.

ನಮ್ಮಜ್ಜಿಗೆ ಈಗಿನ ಕಂಪನಿಗಳಲ್ಲಿ ದೊಡ್ಡ ಕುರ್ಚಿಯೇ ಸಿಗುತ್ತಿತ್ತು ಅಂತ ನನಗೆ ಅನ್ನಿಸುವುದುಂಟು. ಒಂದು ವ್ಯತ್ಯಾಸ ಮಾತ್ರ. ಅಜ್ಜಿ ಆ ಹಸುವಿಗೆ ಹಿಂಡಿ ಬೂಸ ಕಮ್ಮಿ ಮಾಡಿರಲಿಲ್ಲ.

ಎಲ್ಲಿದ್ದೆ? ಹಾಂ, ಬಸ್ಸು. ರಂಗಮ್ಮ ಹೇಳಿದ್ದು ತಮಾಷೆಯಲ್ಲ. ನಮ್ಮ ಗೇಟಿನ ಮುಂದೆ ಸಾಯಂಕಾಲ ಕೊಡಿಗೇನಹಳ್ಳಿಯ ಮೇಲೆ ಹೋಗುವ ಕೆಂಪು ಬಸ್ಸು ಬರುತ್ತದೆ. ಅದನ್ನು ಬಿಟ್ಟರೆ ಮುಂದಿನದು ದೇವರಿಗೇ ಗೊತ್ತು. ಮಧ್ಯಾಹ್ನ ಆಕಳಿಸುತ್ತಾ ಹೊಲಿಯುವ ಕೈಗಳು ಟೀ ಕುಡಿದ ಮೇಲೆ ಹೇಗೆ ಓಡುತ್ತಿದ್ದವು ಅಂತೀರಿ! ಅದರಲ್ಲೂ ನಮ್ಮ ಲೈನಿನವರು ಒಂದು ಕ್ರಮ ಇಟ್ಟುಕೊಂಡಿದ್ದರು. ಹೊಲದಲ್ಲಿ ಮುಯ್ಯಾಳು ಮಾಡುತ್ತಾರಲ್ಲ, ಈ ದಿನ ನಿಮ್ಮ ಹೊಲದ ಕಳೆಗೆ ನಾವು ಬರುತ್ತೇವೆ, ನಾಳೆ ನಮ್ಮ ಹೊಲಕ್ಕೆ ನೀವು ಬನ್ನಿ ಅಂತ, ಹಾಗೆಯೇ. ತನ್ನ ಪಾಲು ಮುಗಿಸಿದವಳು ಹಿಂದೆ ಬಿದ್ದವಳ ಬಂಡಲು ಎಳೆದುಕೊಂಡು ಹೊಲಿಯುವಳು. ಮಗುವಿಗೆ ಜ್ವರ ಅಂತ ನಿದ್ದೆಗೆಟ್ಟು ಬಂದವಳು, ತಿಂಗಳ ನೋವಿನವಳು, ಬೆರಳಿಗೆ ಸೂಜಿ ಚುಚ್ಚಿಸಿಕೊಂಡವಳು ಯಾರಿಗೂ ಬಸ್ಸು ತಪ್ಪುತ್ತಿರಲಿಲ್ಲ. "ನಾಳೆ ನಂದ್ ನೀನ್ ಮಾಡುವಂತೆ, ಕೊಡಿಲ್ಲಿ" ಅನ್ನುವುದು, ಕಿತ್ತುಕೊಳ್ಳುವುದು. ಟಾರ್ಗೆಟ್ಟು ಮುಗಿಯುವುದಕ್ಕೂ ದೂರದಲ್ಲಿ ಬಸ್ಸಿನ ಹಾರನ್ನು ಕೇಳುವುದಕ್ಕೂ ಸರಿಹೋಗುತ್ತಿತ್ತು. ನಾನು ಸೂಪರ್‌ವೈಸರು ಅಂತ ಇದ್ದೆನೇ ಹೊರತು ಅವರನ್ನು ನಡೆಸುತ್ತಿದ್ದವನು ಆ ಬಸ್ಸಿನ ಡ್ರೈವರು. ಲೋಟ ಅವನಿಗೆ ಸಲ್ಲಬೇಕಿತ್ತು.

ಸಾಹೇಬರ ಯೋಚನೆಯ ಫಲ ತಿಂಗಳೊಳಗೇ ಗೇಟಿನೊಳಕ್ಕೆ ಬಂದು ನಿಂತಿತು: ಹೊಸದಾಗಿ ಬಣ್ಣ ಹೊಡೆದ ಒಂದು ಹಳೇ ವ್ಯಾನು. "ನಿಮಗೆ ಬಸ್ಸಿನದ್ದೇ ಚಿಂತೆ ಅಂತ ನನಗೆ ಅರ್ಥವಾಯಿತು. ಆ ಚಿಂತೆ ಇವತ್ತಿಗೆ ಮುಗಿಯಿತು. ಇನ್ನು ಕಂಪನಿ ವ್ಯಾನಿನಲ್ಲೇ ಮನೆಗೆ ಹೋಗಿ, ಪುಕ್ಕಟೆ!" ಅಂದರು. ಸರ್ಕಾರಿ ಬಸ್ಸು ಹೆಂಗಸರಿಗೆ ಮೊದಲೇ ಪುಕ್ಕಟೆ ಅನ್ನುವುದು ಅವರಿಗೆ ಗೊತ್ತಿತ್ತೋ ಇಲ್ಲವೋ. ಆದರೂ ನಾವು ಖುಷಿಪಟ್ಟೆವು, ಸುಳ್ಳೇಕೆ ಹೇಳಲಿ. ನಿಂತುಕೊಂಡು ಜೋತಾಡುವುದು ತಪ್ಪಿತಲ್ಲ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು, ಬೂದುಗುಂಬಳ ಒಡೆದರು. ಈಡುಗಾಯಿ ಒಡೆದವಳು ರಂಗಮ್ಮನೇ. ಡ್ರೈವರು ಸಿರಾದ ನಜೀರ್ ಸಾಬಿ, ಒಳ್ಳೇ ತಾಳ್ಮೆಯವನು. ಆ ತಾಳ್ಮೆಯೇ ನಮಗೆ ಮುಳುವಾಯಿತು.

ಹೇಗೆ ಅಂತೀರಾ? ಬಸ್ಸು ಯಾರಿಗೂ ಕಾಯುವುದಿಲ್ಲ. ವ್ಯಾನು ಕಾಯುತ್ತದೆ.

ಮೊದಲನೆಯ ವಾರ ಸಾಹೇಬರು, "ಇನ್ನೊಂದು ಸ್ವಲ್ಪ ಪೀಸು ಉಳಿದಿದೆ, ಮುಗಿಸಿಬಿಡಿ, ವ್ಯಾನು ಹೇಗೂ ಇದೆಯಲ್ಲ" ಅಂದರು. ಎರಡನೆಯ ವಾರ ಅವರು ಹೇಳಲೂ ಇಲ್ಲ. ಕೈಗಳು ತಾವಾಗಿಯೇ ನಿಧಾನವಾದವು. ಯಾರ ಬಸ್ಸೂ ತಪ್ಪುವುದಿಲ್ಲವೆಂದ ಮೇಲೆ ಯಾರ ಬಂಡಲನ್ನು ಯಾರು ಎಳೆದುಕೊಳ್ಳುತ್ತಾರೆ? ಮುಯ್ಯಾಳು ನಿಂತುಹೋಯಿತು. ಬೆಟ್ಟದ ಹಿಂದೆ ಹೊತ್ತು ಇಳಿದು, ಟ್ಯೂಬ್‌ಲೈಟು ಹಾಕಿ, ಹೊಲಿದದ್ದೇ ಹೊಲಿದದ್ದು. ಗೇಟಿನ ಹತ್ತಿರ ನಜೀರ್ ಸಾಬಿ ಸೀಟು ಒರಗಿಸಿಕೊಂಡು ನಿದ್ದೆ ಮಾಡುತ್ತಿದ್ದ. ಅದಕ್ಕೆ ಹೆಚ್ಚು ಕೂಲಿ ಸಿಗುವ ಓಟಿ ಅಂತಲೂ ಹೆಸರಿಲ್ಲ. "ಟಾರ್ಗೆಟ್ ಮುಗಿಸುವುದು" ಅಂತ ಹೆಸರು.

ಸಾಹೇಬರಿಗೆ ಇದು ಕಂಡದ್ದು ಬೇರೆ ರೀತಿ. "ನೋಡಿ ಸರೋಜಮ್ಮ, ಮೊದಲು ಬಸ್ಸು ಅಂತ ಓಡಿಹೋಗುತ್ತಿದ್ದರು. ಈಗ ಯಾರಿಗೂ ಮನೆಗೆ ಹೋಗೋ ಮನಸ್ಸೇ ಇಲ್ಲ!" ಅಂದರು. ಒಂದು ಸಾಯಂಕಾಲ ಎಲ್ಲರೆದುರು ನಿಂತು ಪಾವಗಡದ ಸೋಲಾರ್ ಪಾರ್ಕಿನ ಉದಾಹರಣೆ ಕೊಟ್ಟರು. ರಾಯಚರ್ಲಿನ ಕಡೆ ಹೋಗಿ ನೋಡಿ ಬಂದಿದ್ದರಂತೆ. "ಕಣ್ಣು ಹಾಯಿಸಿದಷ್ಟೂ ಪ್ಯಾನೆಲ್ಲು. ಒಂದೂ ತುಟಿಪಿಟಿಕ್ ಅನ್ನದೆ ದುಡೀತಾ ಇರ್ತವೆ. ನಾವೂ ಹಾಗೆ ಇರಬೇಕು."

ಹಿಂದಿನ ಸಾಲಿನಿಂದ ಪಾವಗಡದ ಕಡೆಯ ಹುಡುಗಿಯೊಬ್ಬಳು ತನ್ನ ತೆಲುಗು ಬೆರೆತ ಕನ್ನಡದಲ್ಲಿ ಮೆಲ್ಲಗೆ ಅಂದಳು: "ಅವೂ ಪೊದ್ದು ಮುಳುಗಿದ್ ಮ್ಯಾಲೆ ಪನಿ ಮಾಡಲ್ಲ ಸಾರ್."

ನಾನು ಗಂಭೀರವಾಗಿ ಅವಳತ್ತ ಕಣ್ಣು ಬಿಟ್ಟೆ. ಆಮೇಲೆ ದಾರದ ರೂಮಿಗೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕೆ.

ನಗು ಬಹಳ ದಿನ ಉಳಿಯಲಿಲ್ಲ. ರಂಗಮ್ಮ ಮಾತು ಕಮ್ಮಿ ಮಾಡಿದ್ದಳು. ಊಟದ ಹೊತ್ತಿನಲ್ಲಿ ಡಬ್ಬಿ ತೆರೆದು ಹಾಗೇ ಕೂತಿದ್ದಳು. "ಏನಾಯ್ತೇ?" ಅಂದೆ.

"ಎಮ್ಮೆ ಸರೋಜಕ್ಕ," ಅಂದಳು. "ನನ್ ಕೈಗಲ್ದೆ ಇನ್ಯಾರ್ ಕೈಗೂ ಹಾಲ್ ಕೊಡಲ್ಲ ಅದು. ನಮ್ಮತ್ತೆ ಹೋದ್ರೆ ಹಾಯಕ್ಕೆ ಬತ್ತೈತೆ. ನಾನ್ ಹೋಗೋ ಹೊತ್ಗೆ ಡೇರಿ ಬಾಗ್ಲಾಕಿರ್ತಾರೆ. ಕೆಚ್ಚಲು ಬಿಗ್ಕೊಂಡು, ಹೊತ್ತಲ್ಲದ್ ಹೊತ್ನಾಗೆ ಕರ್ದು ಕರ್ದು, ಈಗ ಹಾಲೇ ಏರಿಸ್ಕೊಂಡ್ಬುಟ್ಟೈತೆ. ಬತ್ತೋಯ್ತಾ ಐತಕ್ಕ."

ಅದು ಅವಳ ಸ್ವಂತ ಎಮ್ಮೆ. ತವರಿನವರು ಕೊಟ್ಟ ಪಡ್ಡೆಯನ್ನು ಸಾಕಿ ಎಮ್ಮೆ ಮಾಡಿದ್ದಳು. ಗಾರ್ಮೆಂಟ್ಸಿನ ಸಂಬಳ ಮನೆಗೆ ಹೋಗುತ್ತಿತ್ತು, ಗಂಡನ ಕೈಗೆ. ಡೇರಿಯ ಹಾಲಿನ ದುಡ್ಡು ಮಾತ್ರ ಅವಳದ್ದು, ಯಾರೂ ಕೇಳುವಂತಿರಲಿಲ್ಲ. ಆ ಮನೆಯಲ್ಲಿ ಅವಳಿಗೆ ದೊಡ್ಡ ಬಾಯಿ ಬಂದದ್ದೇ ಆ ಎಮ್ಮೆಯಿಂದ. ಈಗ ಗಂಡ, ಹಾಲು ಕೊಡದ ಎಮ್ಮೆಗೆ ಮೇವು ಯಾಕೆ, ಬರುವ ಸಂತೆಗೆ ಹೊಡೆದು ಮಾರಿಬಿಡುತ್ತೇನೆ ಅಂತ ಕೂತಿದ್ದನಂತೆ. "ಒಂದ್ ವಾರ ಹೊತ್ಗೆ ಸರ್ಯಾಗಿ ಹೋಗಿ ಕರುದ್ರೆ ದಾರಿಗ್ ಬತ್ತೈತೆ ಅಕ್ಕ. ಬಸ್ಸಿಗ್ ಬುಟ್ಬುಡಿ ನನ್ನ" ಅಂದಳು.

ನನ್ನ ಕೈಯಲ್ಲಿದ್ದರೆ ಬಿಡುತ್ತಿದ್ದೆ. ವ್ಯಾನು ಬಂದ ಮೇಲೆ ಸಾಹೇಬರ ಚೀಟಿ ಇಲ್ಲದೆ ಗೇಟು ತೆರೆಯುತ್ತಿರಲಿಲ್ಲ. ಅವತ್ತು ಸಾಯಂಕಾಲ ಬಸ್ಸಿನ ಹೊತ್ತಿಗೆ ರಂಗಮ್ಮ ಕತ್ತರಿಯನ್ನು ಡಬ್ಬಿಯಲ್ಲಿಟ್ಟು, ಬ್ಯಾಗು ಹೆಗಲಿಗೆ ಹಾಕಿಕೊಂಡು ಗೇಟಿನ ಹತ್ತಿರ ಹೋಗಿ ನಿಂತಳು. ನಾನು ಸಾಹೇಬರ ಕೋಣೆಗೆ ಹೋದೆ.

"ಸಾರ್, ರಂಗಮ್ಮನ್ನ ಒಂದು ವಾರ ಬಸ್ಸಿಗೆ ಬಿಡಿ. ಎಮ್ಮೆ ಕರೀಬೇಕು. ಅವಳ ಪಾಲಿಂದು ನಾವೆಲ್ಲ ಹೊಲೀತೀವಿ."

"ವ್ಯಾನ್ ಕೊಟ್ಟಿದ್ದೀವಲ್ಲ ಸರೋಜಮ್ಮ?"

"ಅದು ಲೇಟಾಗುತ್ತೆ ಸಾರ್."

"ಲೇಟಾದರೇನು, ಮನೆ ಬಾಗಿಲಿಗೇ ಬಿಡುತ್ತೆ!" ಅಂದರು, ನನಗೆ ತಿಳಿಯದ ಒಳ್ಳೆಯದೊಂದನ್ನು ತಿಳಿಸಿಕೊಡುವವರ ಹಾಗೆ. "ಒಬ್ಬರಿಗೆ ಎಮ್ಮೆ ಅಂತ ಬಿಟ್ಟರೆ ನಾಳೆ ಇನ್ನೊಬ್ಬರು ಕುರಿ ಅಂತಾರೆ, ಕೋಳಿ ಅಂತಾರೆ. ಇದು ಎಕ್ಸ್‌ಪೋರ್ಟ್ ಕೆಲಸ."

ನನಗೆ ಮೈಯೆಲ್ಲ ಉರಿದುಹೋಯಿತು. "ಎಕ್ಸ್‌ಪೋರ್ಟ್ ಶರ್ಟು ಹಾಕ್ಕೊಳ್ಳೋರೂ ಬೆಳಿಗ್ಗೆ ಹಾಲು ಕುಡೀತಾರಲ್ಲ ಸಾರ್" ಅಂದೇಬಿಟ್ಟೆ. ಅವರು ಇದನ್ನು ಜೋಕು ಅಂತ ತಿಳಿದು ನಕ್ಕರು. ಒಳ್ಳೆಯ ಮನುಷ್ಯ ಅಂತ ಹೇಳಿದೆನಲ್ಲ. ಅಷ್ಟರಲ್ಲಿ ಹೊರಗೆ ಬಸ್ಸಿನ ಹಾರನ್ನು ಕೇಳಿಸಿತು. ಬಸ್ಸು ನಿಂತಿತು, ಹೊರಟಿತು. ನಾನು ಹೊರಗೆ ಬಂದಾಗ ರಂಗಮ್ಮ ಆಗಲೇ ವಾಪಸು ಬಂದು ಮೆಷಿನ್ನಿನ ಮುಂದೆ ಕೂತು ದಾರ ಪೋಣಿಸುತ್ತಿದ್ದಳು. ನನ್ನ ಮುಖ ನೋಡಲಿಲ್ಲ. ನಾನೂ ಅವಳ ಮುಖ ನೋಡುವ ಧೈರ್ಯ ಮಾಡಲಿಲ್ಲ.

ಸಂತೆಯ ದಿನ ಕಳೆದು ಮಾರನೆಯ ದಿನದಿಂದ ರಂಗಮ್ಮ ಬದಲಾದಳು. ತಲೆ ಬಗ್ಗಿಸಿದರೆ ಎತ್ತುತ್ತಿರಲಿಲ್ಲ. ಟೀಗೆ ಏಳುವುದಿಲ್ಲ, ಹರಟೆಗೆ ಬರುವುದಿಲ್ಲ. ಎಲ್ಲರೂ ವ್ಯಾನು ಹತ್ತಿ ಕೂತು "ಬಾರೇ" ಅಂತ ಕೂಗಿದರೂ ಇನ್ನೊಂದು ಕಾಲರ್ ಮುಗಿಸಿಯೇ ಏಳುವಳು. ಇಡೀ ಘಟಕದಲ್ಲಿ ಅವಳಷ್ಟು ಕಾಲರ್ ಹೊಲಿದವರು ಇನ್ನೊಬ್ಬರಿಲ್ಲ. ಸಾಹೇಬರ ಕಣ್ಣಿಗೆ ಬೀಳದೆ ಇರುತ್ತದೆಯೇ? ತಿಂಗಳ ಕೊನೆಯಲ್ಲಿ ಕ್ಯಾಂಟೀನಿನಲ್ಲಿ ಸಭೆ ಸೇರಿಸಿದರು. ರಂಗಮ್ಮನನ್ನು ಮುಂದೆ ಕರೆದು ಹೆಗಲಿಂದ ಸೊಂಟಕ್ಕೆ ಬರುವ ಹಾಗೆ ಒಂದು ಜರಿಯ ಪಟ್ಟಿ ಹಾಕಿದರು, ಚುನಾವಣೆಯಲ್ಲಿ ಗೆದ್ದವರಿಗೆ ಹಾಕುತ್ತಾರಲ್ಲ ಹಾಗೆ. "ಒಂದು ಕಾಲದಲ್ಲಿ ಬಸ್ಸು ಬಸ್ಸು ಅಂತಿದ್ದವರು ಇವರೇ. ಇವತ್ತು ಎಲ್ಲರಿಗಿಂತ ಕೊನೆಗೆ ಮನೆಗೆ ಹೋಗುವವರೂ ಇವರೇ. ಈ ಬದಲಾವಣೆ ಹೇಗಾಯಿತು, ನೀವೇ ಹೇಳಿ ರಂಗಮ್ಮ" ಅಂತ ಮೈಕು ಅವಳ ಬಾಯಿಗೆ ಹಿಡಿದರು.

ರಂಗಮ್ಮ ಪಟ್ಟಿಯನ್ನು ಒಂದು ಸಲ ಸರಿಮಾಡಿಕೊಂಡಳು. "ಎಮ್ಮೆ ಮಾರ್ಬುಟ್ರು ಸಾ," ಅಂದಳು. "ಬೇಗ್ನೆ ಮನೆಗ್ ಹೋಗಿ ಏನ್ ಮಾಡ್ಲಿ?"

ಹಿಂದೆ ಯಾರೋ ಮೂಗು ಎಳೆದುಕೊಂಡರು. ನನ್ನ ಕಣ್ಣು ತುಂಬಿ ಬಂದು ಪಟ್ಟಿಯ ಜರಿಯೆಲ್ಲ ಕಲಸಿದ ಹಾಗೆ ಕಂಡಿತು. ಸಾಹೇಬರಿಗೆ ಈಗಲಾದರೂ ತಟ್ಟಿತು ಅಂತ ಅವರ ಮುಖ ನೋಡಿದೆ. ನಿಜವಾಗಿ ತಟ್ಟಿತ್ತು. ಅವರು ಮೈಕನ್ನು ಕೆಳಗಿಳಿಸಿ, ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು:

"ಸರೋಜಮ್ಮ, ನಮ್ಮಲ್ಲಿ ಇನ್ನೂ ಎಷ್ಟು ಜನ ಎಮ್ಮೆ ಮಾರದೆ ಇಟ್ಟುಕೊಂಡಿದ್ದಾರೆ? ನಾಳೆಯೊಳಗೆ ಸ್ವಲ್ಪ ವಿಚಾರಿಸಿ ಹೇಳ್ತೀರಾ?"